ಸದರಿ ಗಾಳಿಯು ವಿಶ್ರಾಂತಿಯಲ್ಲಿದೆ

ಕಳೆದ ಮಾರ್ಚ್ ಒಂಬತ್ತನೇ ತಾರೀಕು ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಉಲ್ಲಾಳ ಮುಖ್ಯರಸ್ತೆಯಲ್ಲಿ, ಮೂವತ್ತು ಅಡಿ ಎತ್ತರದ ಜನನಾಯಕರೊಬ್ಬರು ನಾಲ್ಕು ನಿಮಿಷಗಳ ಅವಧಿಯಲ್ಲಿ ಮೂರು ಅಡಿಗೆ ಬಂದರು. ಇದು ದಾಖಲೆಯಲ್ಲಿರುವ ಸಂಗತಿ. ದಾಖಲಿಸಿದವರು ಕೆಂಗೇರಿ ಉಪನಗರದ ‘ಸಾರ್ವಜನಿಕ ಸಮಾರಂಭಗಳ ಅನುಮತಿ ಹಾಗೂ ಉಸ್ತುವಾರಿ ಕೋಶ’ದ ದ್ವಿತೀಯ ದರ್ಜೆ ಸಹಾಯಕಿ ಕಲಾವತಿ, ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಒಂದೇ ಒಂದು ಒತ್ತಕ್ಷರವನ್ನೂ ತಪ್ಪು ಬರೆಯದ ಹೆಂಗಸು.

ಮೂರಡಿಗೆ ಬಂದದ್ದು ಹೊನ್ನಗಿರಿಯಪ್ಪನವರಲ್ಲ, ಅವರ ಗಾಳಿಬೊಂಬೆ. ಹೊನ್ನಗಿರಿಯಪ್ಪನವರು, ಅಂದರೆ ಊರಿಗೆಲ್ಲ ಹೊನ್ನಣ್ಣ, ಉಲ್ಲಾಳದ ಹಳೇ ಒಕ್ಕಲು. ರಾಗಿ ಹೊಲವನ್ನು ಸೈಟು ಮಾಡಿ ಮಾರಿ, ಆಮೇಲೆ ಜನಸೇವೆಗೆ ಇಳಿದವರು. ಅವರು ವಾರ್ಡಿನ ಭಾವಿ ಕಾರ್ಪೊರೇಟರ್. ಚುನಾವಣೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲದ ಕಾರಣ ಅವರ ಪದವಿ ಬಹಳ ಭದ್ರವಾಗಿತ್ತು. ಇದ್ದ ಕಾರ್ಪೊರೇಟರುಗಳೆಲ್ಲ ಮಾಜಿಗಳಾಗಿ ಮನೆ ಸೇರಿದರೂ ಅವರು ಮಾತ್ರ ವರ್ಷಗಟ್ಟಲೆ ಭಾವಿಯಾಗಿಯೇ ಉಳಿದಿದ್ದರು.

ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಬಿಳಿ ಪಂಚೆ, ಬಿಳಿ ಶರಟಿನ, ಕೈಮುಗಿದು ನಗುವ ಬೊಂಬೆ ನಿಲ್ಲಿಸಿದ್ದರು. ಇಂಥ ಬೊಂಬೆಗೆ ಹಿಂದುಗಡೆಯಿಂದ ಒಂದು ಬ್ಲೋವರ್ ಮಷೀನು ಸದಾ ಗಾಳಿ ಊದುತ್ತಿರಬೇಕು. ಊದುವವರು ಇರುವ ತನಕ ನಿಂತಿರುತ್ತದೆ, ಇಲ್ಲದಿದ್ದರೆ ಇಲ್ಲ. ಈ ವಿಷಯದಲ್ಲಿ ಬೊಂಬೆಗೂ ನಾಯಕರಿಗೂ ವ್ಯತ್ಯಾಸವಿದೆಯೇ ಎಂದು ಕೇಳಬೇಡಿ, ಅದು ಈ ಕಡತದ ವ್ಯಾಪ್ತಿಗೆ ಬರುವುದಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಹೊನ್ನಣ್ಣನ ತಂಗಿಯ ಮಗ ಗೌತಮ್, ಮಾವನ ಸಮಾರಂಭವನ್ನು ಲೈವ್ ಬಿಡೋಣವೆಂದು ಹೊರಟವನು, ಫೋನಿನಲ್ಲಿ ನಾಲ್ಕೇ ಪರ್ಸೆಂಟ್ ಚಾರ್ಜ್ ಇರುವುದನ್ನು ಕಂಡು, ಬ್ಲೋವರಿನ ಪ್ಲಗ್ಗು ಕಿತ್ತು ತನ್ನ ಚಾರ್ಜರ್ ಸಿಕ್ಕಿಸಿದ. ಮೊದಲು ಮುಗಿದ ಕೈ ಕೆಳಗೆ ಬಂತು. ಆಮೇಲೆ ಕತ್ತು, ಆಮೇಲೆ ಸೊಂಟ. ಕೊನೆಗೆ ಇಡೀ ಬೊಂಬೆ ರಸ್ತೆಯ ಕಡೆಗೆ ವಾಲಿ, ಎದುರು ಪಕ್ಷದವರ ಫ್ಲೆಕ್ಸ್ ಇತ್ತಲ್ಲ, ಅದರ ಕಾಲಿಗೆ ಹಣೆ ಹಚ್ಚಿ ಮಲಗಿತು. ಜನರ ನಡುವಿನಿಂದ ಯಾರೋ ಒಬ್ಬ, ‘ಅಣ್ಣನ ಹವಾ ಇಳಿದೋಯ್ತು ಮಗಾ’ ಅಂದ. ಅದು ಗೌತಮನ ಲೈವಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಸಂಜೆಯೊಳಗೆ ನಾಯಂಡಹಳ್ಳಿಯಿಂದ ಬಿಡದಿಯ ತನಕ ಫೋನು ಇದ್ದವರೆಲ್ಲ ಕೇಳಿಸಿಕೊಂಡರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹಳೆಯ ಕ್ರಮ, ಅದರಂತೆ ಬ್ಲೋವರನ್ನು ಜಪ್ತಿ ಮಾಡಲಾಯಿತು. ಮಷೀನಿನ ಮಾಲೀಕ ಅಮರೇಶ, ಲಿಂಗಸುಗೂರಿನ ಕಡೆಯವನು, ಉಲ್ಲಾಳದಲ್ಲೇ ಒಂದು ರೂಮು ಬಾಡಿಗೆ ಹಿಡಿದಿದ್ದ. ಅವನ ಹತ್ತಿರ ಇದ್ದದ್ದು ಎರಡೇ ಆಸ್ತಿ: ಈ ಬ್ಲೋವರು, ಮತ್ತು ಮಕ್ಕಳು ಹತ್ತಿ ಕುಣಿಯುವ ಒಂದು ಗಾಳಿಕೋಟೆ. ಅದಕ್ಕೆ ಮಕ್ಕಳೆಲ್ಲ ಜಂಪಿಂಗ್ ಅನ್ನುತ್ತವೆ. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟುಗಳಲ್ಲಿ ಯಾವ ಮಗುವಿನ ಹುಟ್ಟುಹಬ್ಬವಾದರೂ ಇವನು ಹೋಗಿ ಊದಿ ನಿಲ್ಲಿಸಿ, ಮೂರು ಗಂಟೆ ಬಿಸಿಲಲ್ಲಿ ಕೂತು, ಸುತ್ತಿಕೊಂಡು ಬರುತ್ತಿದ್ದ.

ಜಪ್ತಿಯಾದ ಮಾರನೇ ದಿನವೇ ಅವನು ಕೋಶಕ್ಕೆ ಬಂದು ಕಲಾವತಿಯ ಮೇಜಿನ ಮುಂದೆ ನಿಂತ. ದುಡ್ಡಿನ ಮಾತು, ಹೊಟ್ಟೆಪಾಡಿನ ಮಾತು ಏನೂ ಆಡಲಿಲ್ಲ.

“ಮೇಡಮ್‌ರೀ, ಊರಾಗಿನ ಹುಡುಗ್ರ ಬರ್ತಡೇಕ್ಕೆಲ್ಲ ನಾನೇ ಗಾಳಿ ತುಂಬೀನ್ರಿ. ನನ್ನ ಮಗಳದ್ದು ಇಪ್ಪತ್ನಾಕನೇ ತಾರೀಖೈತ್ರಿ. ಈ ಸಲ ನಿನಗೂ ಜಂಪಿಂಗ್ ಹಾಕ್ತೀನವ್ವಾ ಅಂತ ಮಾತು ಕೊಟ್ಟೀನಿ. ಆಕಿ ಕ್ಲಾಸಿಗೆ ಕ್ಲಾಸೇ ಕರದಾಳ್ರಿ.”

ಮಗಳ ಹೆಸರು ಪಾರವ್ವ, ಅವನ ತಾಯಿಯ ಹೆಸರು, ಕರೆಯುವುದು ಪಾರಿ. ಏಳು ತುಂಬುವುದರಲ್ಲಿತ್ತು. ಬೇರೆಯವರ ಮಷೀನು ಕೇಳೋಣವೆಂದರೆ ಪರೀಕ್ಷೆ ಮುಗಿದು ಶಾಲೆಗೆ ರಜೆ ಬೀಳುವ ಕಾಲ, ಊರಿನ ಬ್ಲೋವರುಗಳೆಲ್ಲ ಬುಕ್ಕಾಗಿದ್ದವು. ಎರಡು ದಿನದ ಕೆಲಸ ಅಷ್ಟೇ, ಕೊಡಿಸ್ತೀನಿ ಹೋಗಪ್ಪ ಅಂದಳು ಕಲಾವತಿ. ಆಕೆ ಹಾಗೆ ಅಂದದ್ದು ನಂಬಿಕೆಯಿಂದಲೇ.

ನಿಯಮ ಸರಳವಾಗಿತ್ತು. ಜಪ್ತಿ ಮಾಡಿದ ವಸ್ತುವನ್ನು ಬಿಡಬೇಕಾದರೆ ನಮೂನೆ ಒಂಬತ್ತು-ಘ ಭರ್ತಿಯಾಗಬೇಕು. ಅದರ ಏಳನೇ ಕಾಲಂನಲ್ಲಿ ‘ಘಟನೆಯ ಸ್ವರೂಪ’ವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು, ಅದಕ್ಕೆ ಬಾಧಿತರಾದವರು ಒಪ್ಪಿ ಸಹಿ ಹಾಕಬೇಕು. ಘಟನೆಯ ಕಾರಣ ಕೇಳುವ ಕಾಲಂ ನಮೂನೆಯಲ್ಲಿ ಇರಲಿಲ್ಲ, ಆದ್ದರಿಂದ ಪ್ಲಗ್ಗಿನ ವಿಷಯ ಯಾರೂ ಎತ್ತಲಿಲ್ಲ. ಕಲಾವತಿ ದುಂಡಗಿನ ಅಕ್ಷರದಲ್ಲಿ ಚಂದವಾಗಿ, ‘ಸದರಿ ಬೊಂಬೆಯ ಗಾಳಿ ಇಳಿದಿದೆ’ ಎಂದು ಬರೆದು ಹೊನ್ನಣ್ಣನ ಕಚೇರಿಗೆ ತಾನೇ ತೆಗೆದುಕೊಂಡು ಹೋದಳು.

ಹೊನ್ನಣ್ಣ ಓದಿ, ಕನ್ನಡಕ ತೆಗೆದರು. ಗಾಳಿ ಅಂದರೂ ಹವಾ ಅಂದರೂ ಒಂದೇ ತಾನೇ ಎಂದು ಕೇಳಿದರು. ಒಂದೇ ಅಂದಳು. ಹಾಗಾದರೆ ನನ್ನ ಹವಾ ಇಳಿದಿದೆ ಅಂತ ಸರ್ಕಾರವೇ ಬರೆದು, ಅದಕ್ಕೆ ನಾನೇ ಸಹಿ ಹಾಕಬೇಕಾ ತಾಯಿ ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ನೊಂದಿದ್ದರು.

ಕಲಾವತಿಗೆ ಪದಗಳ ಬರವೇನೂ ಇರಲಿಲ್ಲ. ಆಕೆಯನ್ನು ಸಾಕಿದ್ದು ಕೆಂಗೇರಿ ಹಳೇ ಊರಿನ ಅಜ್ಜಿ ಪಾಪಮ್ಮ. ಸೊಪ್ಪು ಬಾಡುತ್ತೆ, ಹೂವು ಮುದುಡುತ್ತೆ, ಕೆರೆ ಬತ್ತುತ್ತೆ, ದೀಪ ನಂದುತ್ತೆ, ಮೈ ಸೊರಗುತ್ತೆ, ಮುಖ ಪೆಚ್ಚಾಗುತ್ತೆ, ಧೈರ್ಯ ಉಡುಗುತ್ತೆ. ಒಂದೊಂದು ಹೋಗೋದಕ್ಕೂ ಒಂದೊಂದು ಮಾತಿದೆ ಕಣೇ, ಅದಲುಬದಲು ಮಾಡಬಾರದು, ಮಾಡಿದರೆ ಹೋದದ್ದು ಏನು ಅಂತಲೇ ಗೊತ್ತಾಗೋಲ್ಲ, ಅನ್ನುತ್ತಿದ್ದಳು ಆ ಮುದುಕಿ. ಓದು ಬರಹ ಬಾರದವಳು. ಮೊಮ್ಮಗಳು ಸರ್ಕಾರಿ ನೌಕರಿ ಹಿಡಿದದ್ದೂ ಆ ಮಾತುಗಳ ಬಲದಿಂದಲೇ.

ಎರಡನೇ ಸಲ ‘ಕುಸಿದಿದೆ’ ಎಂದು ಬರೆದಳು. ಅಯ್ಯೋ, ಕುಸಿತ ಅಂದರೆ ನನ್ನ ಎರಡನೇ ಲೇಔಟಿನ ಸೈಟು ಯಾರಮ್ಮ ತಗೋತಾರೆ, ಟಿ.ವಿ.ಯವರು ಬಾಣದ ಗುರುತು ಬೇರೆ ಕೆಳಮುಖ ತೋರಿಸ್ತಾರೆ, ಅಂದರು. ‘ಬಾಗಿದೆ’ ಎಂದರೆ ಎದುರು ಪಕ್ಷಕ್ಕೆ ಬಾಗಿದ ಹಾಗಾಯಿತು. ‘ಸೊರಗಿದೆ’ ಎಂದು ಬರೆದ ದಿನ, ಅದು ಹೇಗೆ ಹೊರಬಿತ್ತೋ, ಮಾಗಡಿ ಕಡೆಯ ನೆಂಟರು ಮೂಸಂಬಿ ಹಿಡಿದುಕೊಂಡು ಹೊನ್ನಣ್ಣನನ್ನು ನೋಡಲು ಬಂದುಬಿಟ್ಟರು. ಅಣ್ಣನಿಗೆ ಶುಗರ್ ಜಾಸ್ತಿಯಂತೆ ಎಂದು ಬಾಗಿಲಲ್ಲೇ ಕಣ್ಣೀರು ಹಾಕಿದರು. ಅವರಿಗೆ ಕಾಫಿ ಕೊಟ್ಟು ಕಳಿಸುವಷ್ಟರಲ್ಲಿ ಸಾಕುಬೇಕಾಯಿತು.

‘ಜೋತುಬಿದ್ದಿದೆ’ ಎಂಬುದನ್ನು ಹೊನ್ನಣ್ಣ ಗಟ್ಟಿಯಾಗಿ ಓದಿದಾಗ ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು, ಆ ಹಾಳೆಯನ್ನು ಅವರು ಹರಿದೇ ಹಾಕಿದರು. ‘ನಿತ್ರಾಣವಾಗಿದೆ’ ಎಂದದ್ದಕ್ಕಂತೂ ಮುಖ ಕೆಂಪಾಯಿತು. ಅದು ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿರುತ್ತಾರಲ್ಲಮ್ಮ, ಗುಪ್ತರೋಗದ ಚೀಟಿ, ಅದರ ಮಾತು ಕಣಮ್ಮ ಅಂದರು. ‘ಪಂಕ್ಚರ್’ ಬರೆಯೋಣವೆಂದರೆ ಬೊಂಬೆಗೆ ತೂತೇ ಬಿದ್ದಿರಲಿಲ್ಲ, ಸುಳ್ಳು ದಾಖಲೆಯಾಗುತ್ತಿತ್ತು. ಕೋಶದ ಮುಖ್ಯಸ್ಥರಾದ ಆರಾಧ್ಯ ಸಾಹೇಬರು, ನಿವೃತ್ತಿಗೆ ಎಂಟು ತಿಂಗಳಿದ್ದವರು, ಕಲಾವತಿಯನ್ನು ಬಾಗಿಲ ಹಿಂದೆ ಕರೆದು, ‘ಠುಸ್’ ಅಂತ ಬರೆದರೆ ಹೇಗೆ, ಅದು ಶಬ್ದವೇ ಹೊರತು ಅರ್ಥವಲ್ಲ, ಎಂದು ಸಲಹೆ ಕೊಟ್ಟರು. ಆಕೆ ಬರೆಯಲಿಲ್ಲ. ಶಬ್ದವಾಗಿದ್ದಕ್ಕೆ ಸಾಕ್ಷಿ ಇಲ್ಲ ಸಾರ್ ಅಂದಳು.

ಈ ನಡುವೆ ಬ್ಲೋವರು ಕೋಶದ ಉಗ್ರಾಣದಲ್ಲಿ ಸುಮ್ಮನೆ ಬಿದ್ದಿತ್ತು ಎಂದು ಭಾವಿಸಬಾರದು. ಮಾರ್ಚಿನ ಸೆಕೆ, ಸಾಹೇಬರ ಫ್ಯಾನು ಕೆಟ್ಟು ಎರಡು ತಿಂಗಳಾಗಿತ್ತು, ರಿಪೇರಿಯ ಕಡತ ಎಲ್ಲೋ ಮೇಲೆ ಹೋಗಿತ್ತು. ಆದ್ದರಿಂದ ಸಾರ್ವಜನಿಕ ಹಿತದೃಷ್ಟಿಯಿಂದ ಮಷೀನನ್ನು ಸಾಹೇಬರ ಕುರ್ಚಿಯ ಎದುರಿಗೆ ಇಡಲಾಯಿತು. ಅದನ್ನು ಹಚ್ಚಿದಾಗ ಸಾಹೇಬರ ತಲೆಯ ನಾಲ್ಕು ಕೂದಲು ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದವು, ಮೇಜಿನ ಮೇಲಿನ ಅರ್ಜಿಗಳು ಹಾರಿ ಪಕ್ಕದ ವಿಭಾಗಕ್ಕೆ ಹೋಗುತ್ತಿದ್ದವು. ಆ ಹದಿನೈದು ದಿನಗಳಲ್ಲಿ ಕೋಶದಿಂದ ಅತಿ ಹೆಚ್ಚು ಅರ್ಜಿಗಳು ವಿಲೇವಾರಿಯಾದದ್ದಕ್ಕೆ ಮೇಲಿನಿಂದ ಪ್ರಶಂಸಾಪತ್ರವೂ ಬಂತು. ಅದಿರಲಿ.

ಅಮರೇಶ ದಿನಾ ಬರುತ್ತಿದ್ದ. ಒಳಗೆ ತನ್ನ ಮಷೀನಿನ ಸದ್ದು ಕೇಳುತ್ತಿತ್ತು. ಸದ್ದು ಸ್ವಲ್ಪ ಬ್ಯಾರೆ ಬರಕತ್ತೈತ್ರಿ, ಎಣ್ಣಿ ಬಿಡ್ರಿ ಅದಕ್ಕ, ಅಂತ ಒಂದು ಸಲ ಮಾತ್ರ ಹೇಳಿದ. ಇಪ್ಪತ್ತೊಂದನೇ ತಾರೀಕು ಕಲಾವತಿಗೆ ತನ್ನ ಮೇಲೇ ನಾಚಿಕೆಯಾಗಿ, ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಯಾವತ್ತೂ ಮಾಡದ ಕೆಲಸ ಮಾಡಿದಳು. ಎದುರು ನಿಂತ ಅರ್ಜಿದಾರನನ್ನೇ ಕೇಳಿದಳು: ನಿಮ್ಮ ಕಡೆ ಇದಕ್ಕೆ ಏನಂತೀರಪ್ಪ?

ಅವನು ತಲೆ ಕೆರೆದುಕೊಂಡ. “ಏನಂತೀವ್ರಿ... ಪಾಪ, ನಿಂತು ನಿಂತು ಸಾಕಾಗಿ ಉಸ್ಸಂತ ಕುಂತೈತಿ ಅಂತೀವ್ರಿ.”

ಕಲಾವತಿಯ ಪೆನ್ನು ತಾನಾಗಿ ಎದ್ದಿತು. ಉಸ್ಸಂತ ಕೂತಿದೆ! ಕೂತವರು ಸೋತವರಲ್ಲ, ಬಿದ್ದವರಲ್ಲ. ಮನಸ್ಸು ಬಂದಾಗ ಏಳುವವರು. ಇದನ್ನೇ ಕಚೇರಿಯ ಕನ್ನಡಕ್ಕೆ ಇಳಿಸಿ ಬರೆದಳು: ‘ಸದರಿ ಗಾಳಿಯು ಸ್ವಇಚ್ಛೆಯಿಂದ ವಿಶ್ರಾಂತಿಯಲ್ಲಿದೆ.’ ಬರೆದು ಓದಿಕೊಂಡಾಗ, ಸುಳ್ಳಲ್ಲದ, ನಿಜವೂ ಅಲ್ಲದ ಇಂಥ ವಾಕ್ಯ ತನ್ನ ಕೈಯಿಂದ ಬಂದದ್ದಕ್ಕೆ ಆಕೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ಅಜ್ಜಿ ಏನನ್ನುತ್ತಿದ್ದಳೋ ಎಂಬ ಯೋಚನೆಯನ್ನು ಆಮೇಲಕ್ಕೆ ಇಟ್ಟುಕೊಂಡಳು.

ಹೊನ್ನಣ್ಣ ಮೂರು ಸಲ ಓದಿದರು. ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಜನರ ಕಷ್ಟ ಕೇಳಿ ಕೇಳಿ ನನ್ನ ಹವಾಕ್ಕೂ ಸುಸ್ತಾಗಲ್ವಾ ತಾಯಿ ಎಂದು ಸಹಿ ಹಾಕಿದರು. ಮಾರನೇ ದಿನ ಉಲ್ಲಾಳದಿಂದ ಕೆಂಗೇರಿಯ ತನಕ ಫ್ಲೆಕ್ಸ್ ಎದ್ದವು: ‘ಅಣ್ಣನ ಹವಾ ವಿಶ್ರಾಂತಿಯಲ್ಲಿದೆ. ಚುನಾವಣೆ ಘೋಷಣೆಯಾದ ಕೂಡಲೇ ಏಳಲಿದೆ. ದಯವಿಟ್ಟು ಸಹಕರಿಸಿ.’

ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬರ ಗಾಳಿಗೆ ಮಾತ್ರ ಇಂಥ ಗೌರವ ಕೊಟ್ಟರೆ ತಾರತಮ್ಯವಾಗುತ್ತದೆಂದು ಯಾರೋ ಆಕ್ಷೇಪಣೆ ಹಾಕಬಹುದು ಎಂದು ಹೆದರಿ, ಯಾರೂ ಹಾಕುವ ಮೊದಲೇ ಆರಾಧ್ಯ ಸಾಹೇಬರು ಸುತ್ತೋಲೆ ಹೊರಡಿಸಿದರು:

‘ಕೋಶದ ವ್ಯಾಪ್ತಿಯಲ್ಲಿ ಗಾಳಿ, ಬಲ, ಬೆಲೆ ಅಥವಾ ಧೈರ್ಯವನ್ನು ಕಳೆದುಕೊಂಡ ಯಾವುದೇ ವ್ಯಕ್ತಿ, ವಾಹನ, ವಸ್ತು ಅಥವಾ ತಿನಿಸನ್ನು ಇಳಿದಿದೆ, ಕುಸಿದಿದೆ, ಸೊರಗಿದೆ, ಕೆಟ್ಟಿದೆ ಇತ್ಯಾದಿಯಾಗಿ ಸಂಬೋಧಿಸತಕ್ಕದ್ದಲ್ಲ. ‘ವಿಶ್ರಾಂತಿಯಲ್ಲಿದೆ’ ಎಂದೇ ನಮೂದಿಸತಕ್ಕದ್ದು. ಈ ಆದೇಶವು ಈಗಾಗಲೇ ಇಳಿದಿರುವವುಗಳಿಗೂ ಪೂರ್ವಾನ್ವಯವಾಗುತ್ತದೆ.’

ಜನ ಒಂದೇ ದಿನದಲ್ಲಿ ಒಗ್ಗಿಕೊಂಡರು. ನಮ್ಮ ಜನ ಒಗ್ಗಿಕೊಳ್ಳದ್ದು ಯಾವುದಿದೆ ಹೇಳಿ. ಪಂಕ್ಚರ್ ಅಂಗಡಿಯವನು ‘ವಿಶ್ರಾಂತಿಯಲ್ಲಿರುವ ಟೈರುಗಳನ್ನು ಎಬ್ಬಿಸಲಾಗುವುದು’ ಎಂದು ಬೋರ್ಡು ಬದಲಾಯಿಸಿದ. ಹೋಟೆಲಿನಲ್ಲಿ ಪೂರಿ ಉಬ್ಬಿಲ್ಲವಲ್ಲಪ್ಪ ಎಂದವರಿಗೆ ಸಪ್ಲೈಯರ್, ರೆಸ್ಟಲ್ಲಿದೆ ಸಾರ್ ಅಂದ, ಗಿರಾಕಿ ತಲೆಯಾಡಿಸಿ ತಿಂದ. ಡಾಕ್ಟರು ಅಜ್ಜಿಯರಿಗೆ, ನಿಮ್ಮ ಬಿ.ಪಿ. ವಿಶ್ರಾಂತಿಯಲ್ಲಿದೆ ಎಂದು ಚೀಟಿ ಬರೆದರು. ಅವರು ಖುಷಿಯಾಗಿ, ಮಾತ್ರೆ ತಗೊಳ್ಳದೆ ಮನೆಗೆ ಹೋದರು. ಹೊನ್ನಣ್ಣನ ಎರಡನೇ ಲೇಔಟಿನ ಬೆಲೆ ವಿಶ್ರಾಂತಿಗೆ ಹೋಗಿ ಆರು ತಿಂಗಳಾಗಿತ್ತು, ಅದು ಈಗ ಜಾಹೀರಾತಿನಲ್ಲೇ ಬಂತು, ‘ಪ್ರಶಾಂತ ಬೆಲೆ’ ಎಂದು. ನಾಲ್ಕು ಸೈಟು ಹೋದವು.

ಇಪ್ಪತ್ಮೂರನೇ ತಾರೀಕು ಸಂಜೆ ಅಮರೇಶ ಮಷೀನು ಬಿಡಿಸಿಕೊಳ್ಳಲು ಬಂದ. ಜೊತೆಗೆ ಪಾರಿಯೂ ಬಂದಿತ್ತು, ಎರಡು ಜಡೆ, ಹೊಸ ರಿಬ್ಬನ್ನು. ಸಾಹೇಬರ ಕುರ್ಚಿಯ ಮುಂದಿನಿಂದ ಬ್ಲೋವರನ್ನು ಎತ್ತಿ ತಂದು ಕಲಾವತಿಯ ಮೇಜಿನ ಪಕ್ಕ ಇಟ್ಟರು. ಸ್ವಿಚ್ಚು ಹಾಕಿದ. ಏನೂ ಆಗಲಿಲ್ಲ. ಅವನು ಬಗ್ಗಿ ಮೂಸಿದ, ಒಳಗೆ ಬೆರಳು ಹಾಕಿ ತೆಗೆದ, ಬೆರಳು ಕರ್ರಗಾಗಿತ್ತು. ಸುಟ್ಟೈತ್ರಿ ಮೇಡಮ್, ಒಳಗಿನ ವೈಂಡಿಂಗ್ ಪೂರಾ ಸುಟ್ಟೈತ್ರಿ, ಅಂದ. ಬಹಳ ಮೆಲ್ಲಗೆ ಅಂದ, ಮಗಳಿಗೆ ಕೇಳಿಸಬಾರದೆಂದು.

ನಮೂನೆಯಲ್ಲಿ ಕೊನೆಯ ಕಾಲಂ ಒಂದು ಉಳಿದಿತ್ತು: ‘ಹಿಂದಿರುಗಿಸುವಾಗ ವಸ್ತುವಿನ ಸ್ಥಿತಿ.’ ಕಲಾವತಿ ಪೆನ್ನು ತೆಗೆದುಕೊಂಡಳು. ಅದಕ್ಕೆ ಸರಿಯಾದ ಮಾತು ಆಕೆಗೆ ಗೊತ್ತಿತ್ತು, ಇಡೀ ಭೂಮಂಡಲಕ್ಕೆ ಗೊತ್ತಿರುವ ಮೂರಕ್ಷರದ ಮಾತು. ‘ಸು’ ಎಂದು ಬರೆಯುವಷ್ಟರಲ್ಲಿ ಸಾಹೇಬರು ಹಿಂದಿನಿಂದ ಬಂದು ನಿಂತು, ಸುತ್ತೋಲೆ ನೆನಪಿದೆಯಲ್ಲಮ್ಮ ಎಂದರು. ಸುಟ್ಟಿದೆ ಎಂದು ಬರೆದರೆ ಸುಟ್ಟವರು ಯಾರು ಎಂಬ ಪ್ರಶ್ನೆ ಬರುತ್ತೆ, ನನಗಿನ್ನು ಎಂಟೇ ತಿಂಗಳು, ಎಂದೂ ಸೇರಿಸಿದರು. ವಿಶ್ರಾಂತಿಗೆ ಮಾತ್ರ ಯಾರೂ ಹೊಣೆಯಲ್ಲ, ಅದು ಆ ಪದದ ದೊಡ್ಡ ಗುಣ.

ಕಲಾವತಿ ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. ಆಮೇಲೆ ‘ಸು’ವನ್ನು ಹಾಗೇ ಉಳಿಸಿಕೊಂಡು ಬರೆದಳು: ‘ಸುದೀರ್ಘ ವಿಶ್ರಾಂತಿಯಲ್ಲಿದೆ.’ ಹೊಡೆದುಹಾಕಿ ಬರೆಯುವ ಅಭ್ಯಾಸ ಆಕೆಗೆ ಮೊದಲಿನಿಂದಲೂ ಇರಲಿಲ್ಲ. ಅಮರೇಶ ಸಹಿ ಮಾಡಿದ. ಏನು ಬರೆದಿದ್ದಾರೆಂದು ಓದಲಿಲ್ಲ, ಓದಿದ್ದು ಪಾರಿ. ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು, ಪೂರ್ತಿ ಓದಿತು.

ಮಾರನೇ ದಿನ ಕಲಾವತಿ ಅರ್ಧ ದಿನ ರಜೆ ಹಾಕಿ, ಒಂದು ಬಣ್ಣದ ಪೆನ್ಸಿಲ್ ಡಬ್ಬಿ ಕೊಂಡು, ಉಲ್ಲಾಳಕ್ಕೆ ಹೋದಳು. ಆ ಮಗುವಿಗೆ ನಿಜ ಹೇಳಿಬಿಡಬೇಕು, ತಪ್ಪಾಯ್ತು ಪುಟ್ಟಾ ಅನ್ನಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಳು. ಖಾಲಿ ಸೈಟಿನಲ್ಲಿ ಅಮರೇಶ ಕೋಟೆಯನ್ನು ಬಿಚ್ಚಿ ಹಾಸಿದ್ದ. ಕೆಂಪು ಹಳದಿ ಗೋಪುರಗಳು ನೆಲಕ್ಕೆ ಅಂಟಿಕೊಂಡು ಬಿದ್ದಿದ್ದವು. ಅವನು ಸೈಕಲ್ ಪಂಪು ಹಿಡಿದು ಎರಡು ಗಂಟೆಯಿಂದ ಊದಿ, ಬೆವರಿನಲ್ಲಿ ತೊಯ್ದು, ಈಗ ಮೂಲೆಯಲ್ಲಿ ಬೆನ್ನು ಹಾಕಿ ಕೂತಿದ್ದ.

ಕ್ಲಾಸಿನ ಮಕ್ಕಳು ಬಂದಿದ್ದವು, ಇಪ್ಪತ್ತೆಂಟು. ಒಬ್ಬ ಹುಡುಗ ಇದೇನೇ, ಗಾಳಿನೇ ಇಲ್ಲ ಎಂದು ನಗಲು ಬಾಯಿ ತೆರೆದ. ಪಾರಿ ತುಟಿಯ ಮೇಲೆ ಬೆರಳಿಟ್ಟುಕೊಂಡಿತು.

“ಶ್... ಗಟ್ಟಿ ಮಾತಾಡಬ್ಯಾಡ್ರಿ. ಗಾಳಿ ಮಲಗೈತಿ. ಆಫೀಸಿನ್ಯಾಗ ಬರದು ಕೊಟ್ಟಾರ.”

ನಮೂನೆಯ ಪ್ರತಿಯನ್ನು ತೋರಿಸಿತು. ಮೊಹರು ಇತ್ತು, ಸಹಿ ಇತ್ತು, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಮಕ್ಕಳು ನಂಬಿದವು. ಚಪ್ಪಲಿ ಬಿಟ್ಟು, ತುದಿಗಾಲಲ್ಲಿ, ಕೋಟೆಯ ಸುತ್ತ ಕೂತವು. ಒಂದು ಹುಡುಗಿ ಕೆಂಪು ಗೋಪುರದ ಮೇಲೆ ತನ್ನ ಕರ್ಚೀಫು ಹೊದಿಸಿದಳು.

ಅಷ್ಟರಲ್ಲಿ ಹೊನ್ನಣ್ಣನೂ ಬಂದರು, ವಾರ್ಡಿನ ಯಾವ ಕೇಕನ್ನೂ ಅವರು ಬಿಡುವವರಲ್ಲ. ಹಿಂದೆ ಆರಾಧ್ಯ ಸಾಹೇಬರು, ಅವರ ಹಿಂದೆ ನೂರು ಪರ್ಸೆಂಟ್ ಚಾರ್ಜಿನ ಫೋನು ಹಿಡಿದ ಗೌತಮ್. ಇಪ್ಪತ್ತೆಂಟು ಮಕ್ಕಳು ಉಸಿರು ಬಿಗಿಹಿಡಿದು ಕೂತದ್ದು ಕಂಡು ಹೊನ್ನಣ್ಣನಿಗೆ ಬಹಳ ಸಂತೋಷವಾಯಿತು, ಶಿಸ್ತು ಅಂದರೆ ಇದಪ್ಪ ಎಂದು ತಾವೂ ಪಿಸುಗುಟ್ಟಿದರು.

ಪಾರಿ ಕಲಾವತಿಯ ಸೆರಗು ಜಗ್ಗಿ, ಕಿವಿಯ ಹತ್ತಿರ ಬಂದು ಕೇಳಿತು: “ಆಂಟಿ, ಗಾಳಿ ಯಾವಾಗ ಏಳ್ತೈತ್ರಿ?”

ಬಾಯಿಪಾಠ ಮಾಡಿಕೊಂಡು ಬಂದದ್ದು ಕಲಾವತಿಯ ನಾಲಿಗೆಯ ತುದಿಯಲ್ಲೇ ಇತ್ತು. ಸಾಹೇಬರು ಆಕೆಯನ್ನೇ ನೋಡುತ್ತಿದ್ದರು. ಅಮರೇಶನೂ ತಿರುಗಿ ನೋಡಿದ, ದಮ್ಮಯ್ಯ ಹೇಳಬ್ಯಾಡ್ರಿ ಎಂಬಂತೆ ಕೈ ಅಲ್ಲಾಡಿಸಿದ.

“ಬೇಗ ಏಳುತ್ತೆ ಪುಟ್ಟಾ” ಅಂದಳು ಕಲಾವತಿ.

ಪಾರಿ ತಲೆಯಾಡಿಸಿ ಹೋಗಿ ಕೇಕು ಕತ್ತರಿಸಿತು. ಎಲ್ಲರೂ, ಭಾವಿ ಕಾರ್ಪೊರೇಟರೂ ಸಾಹೇಬರೂ ಮಕ್ಕಳೂ, ಹ್ಯಾಪಿ ಬರ್ತಡೇ ಹಾಡನ್ನು ಪಿಸುಮಾತಿನಲ್ಲಿ ಹಾಡಿದರು. ಚಪ್ಪಾಳೆಯನ್ನು ಒಂದೊಂದೇ ಬೆರಳಿನಿಂದ ತಟ್ಟಿದರು. ಕಲಾವತಿಯೂ ಹಾಡಿದಳು, ಒಂದಕ್ಷರ ತಪ್ಪದ ಹಾಗೆ.